ಬೆಳ್ಳಿ ಪಟ್ಟಿ ಹಾಕಿದ್ರೆ ಹುಣ್ಣು ಮಾಯುತ್ತಾ?

ಹೋದ ಸಂಚಿಕೆಯಲ್ಲಿ ಶುಗರ್ ಇರೋರ ಕಾಲಿನ ಹುಣ್ಣಿನ ಬಗ್ಗೆ ಬರೀವಾಗ ನ್ಯಾನೋ ಬೆಳ್ಳಿ ಡ್ರೆಸ್ಸಿಂಗ್, ಅಂದ್ರೆ ಬೆಳ್ಳಿಯ ಅತಿ ಸಣ್ಣ ಕಣ ಸೇರಿಸಿದ ಗಾಯದ ಪಟ್ಟಿ, ಅಂತ ಒಂದು ಮಾತು ಬಂದು ಹೋಗಿತ್ತು ಅಷ್ಟೇ, ಅದಕ್ಕೇ ಇಷ್ಟೊಂದು ಪತ್ರ ಬಂದಿದೆ, ಹಾಸನ ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು. ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ನಾನು ರೋಗಿ ನೋಡೋ ಡಾಕ್ಟರ್ ಅಲ್ಲ. ಹಾಸನದಲ್ಲಿ ಲ್ಯಾಬಲ್ಲಿ ಕೂತು ಕೀವು, ರಕ್ತ, ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದಕ್ಕೆ ಯಾವ ಔಷಧಿ ನಾಟುತ್ತೆ ಅಂತ ನೋಡೋ ಮೈಕ್ರೋಬಯಾಲಜಿಯವಳು.

ಪ್ರಶ್ನೆ: ಮೇಡಂ, ನಮ್ಮ ಮಾವನವರಿಗೆ ಅರವತ್ನಾಲ್ಕು ವರ್ಷ, ಹನ್ನೆರಡು ವರ್ಷದಿಂದ ಶುಗರ್ ಇದೆ. ಆಲೂಗಡ್ಡೆ ಹೊಲದಲ್ಲಿ ಬರಿಗಾಲಲ್ಲೇ ಓಡಾಡಿ ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿ ಎರಡು ತಿಂಗಳಾಯ್ತು. ದಿನಾ ಡ್ರೆಸ್ಸಿಂಗ್ ಮಾಡಿಸ್ತಿದ್ದೀವಿ. ಕೀವು ಕಲ್ಚರ್‌ಗೆ ಕೊಟ್ರೆ ಹದಿನಾಲ್ಕು ಔಷಧಿ ಹೆಸರಲ್ಲಿ ಹತ್ತರ ಮುಂದೆ ಆರ್ ಅಂತ ಬಂದಿದೆ. ಬೆಂಗಳೂರಲ್ಲಿರೋ ನಮ್ಮ ಭಾವ ನ್ಯಾನೋ ಬೆಳ್ಳಿ ಪಟ್ಟಿ ತರಿಸಿ ಹಾಕಿಸಿ, ಆಂಟಿಬಯೋಟಿಕ್ಕೇ ಬೇಡ ಅಂತಿದ್ದಾರೆ. ಒಂದೊಂದು ಪ್ಯಾಡ್‌ಗೂ ನೂರಾರು ರೂಪಾಯಿ. ಹಾಕಿಸಬಹುದಾ?
— ಒಬ್ಬ ಸೊಸೆ, ಆಲೂರು ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿದ ತಕ್ಷಣ ನನಗೆ ಹೊಳೆದಿದ್ದು ಪಟ್ಟಿ ವಿಷಯ ಅಲ್ಲಮ್ಮ, ಮಾವನವರು ಈಗಲೂ ಆ ಕಾಲು ಊರಿಕೊಂಡೇ ನಡೀತಿದ್ದಾರಾ ಅನ್ನೋದು. ಆ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ಆ ಆರ್ ಅಂದ್ರೆ ಏನು ಅಂತ. ನಿಮ್ಮ ಮಾವನವರ ಕೀವು ನಮ್ಮಂಥೋರ ಕೈಗೆ ಬಂದಾಗ ಮೊದಲು ಅದರಲ್ಲಿರೋ ಬ್ಯಾಕ್ಟೀರಿಯಾನ ಬೆಳೆಸಿ ಬೇರೆ ಮಾಡ್ಕೋತೀವಿ, ಕಲ್ಚರ್ ಅಂದ್ರೆ ಅದೇ, ಆಮೇಲೆ ಅದನ್ನ ಅಗಾರ್ ತಟ್ಟೆ ಮೇಲೆ ಪೂರ್ತಿ ಸವರ್ತೀವಿ. ಅಗಾರ್ ಅಂದ್ರೆ ತಣ್ಣಗಾಗಿ ಹೆಪ್ಪುಗಟ್ಟಿದ ಗಂಜಿ ತರ ಇರುತ್ತೆ. ಅದರ ಮೇಲೆ ಹಣೆ ಬೊಟ್ಟಿನಷ್ಟೇ ಅಗಲದ ಕಾಗದದ ಬಿಲ್ಲೆ ಇಡ್ತೀವಿ, ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಆಂಟಿಬಯೋಟಿಕ್ ಇರುತ್ತೆ, ರಾತ್ರಿಯಿಡೀ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬೆಳಗ್ಗೆ ತೆಗೆದು ನೋಡಿದ್ರೆ ಔಷಧಿ ಕೆಲಸ ಮಾಡಿದ ಬಿಲ್ಲೆ ಸುತ್ತ ಚಂದ್ರನ ಸುತ್ತ ಕಟ್ಟೋ ಕೊಡೆ ಹಾಗೆ ಒಂದು ಖಾಲಿ ಉಂಗುರ ಬಿದ್ದಿರುತ್ತೆ. ಕೆಲಸ ಮಾಡದ ಕಡೆ ಬ್ಯಾಕ್ಟೀರಿಯಾ ಬಿಲ್ಲೆ ಅಂಚಿನ ತನಕ ಬಂದು ಹುಲ್ಲುಹಾಸಿನ ಹಾಗೆ ಬೆಳೆದು ನಿಂತಿರುತ್ತೆ. ಅದೇ ಆರ್, ರೆಸಿಸ್ಟೆಂಟ್. ನಾನು ಕೆಲಸಕ್ಕೆ ಸೇರಿದ ಶುರುವಿನಲ್ಲಿ ಉಂಗುರ ಇಲ್ಲದ ತಟ್ಟೆ ಸಿಕ್ಕಿದ್ರೆ ಪಕ್ಕದವರನ್ನ ಕರೆದು ತೋರಿಸ್ತಿದ್ವಿ, ಈಗ ಹಾಗೆ ಕರೆಯೋಕೆ ಹೋದ್ರೆ ದಿನಾ ಕರೀತಾನೇ ಇರಬೇಕು. ಇದನ್ನ ಬರೀವಾಗಲೂ ಸಂಕಟ ಆಗುತ್ತೆ.

ಆದ್ರೆ ಕೇಳಿ, ಹುಣ್ಣಿನ ಮೇಲೆ ಬ್ಯಾಕ್ಟೀರಿಯಾ ಇದೆ ಅಂದ ಮಾತ್ರಕ್ಕೆ ಸೋಂಕು ಆಗಿದೆ ಅಂತಲ್ಲ. ಎರಡು ತಿಂಗಳು ಬಾಯಿ ತೆರೆದುಕೊಂಡಿರೋ ಯಾವ ಹುಣ್ಣಿನಿಂದ ಹತ್ತಿಕಡ್ಡಿ ಆಡಿಸಿ ಕಳಿಸಿದ್ರೂ ಏನೋ ಒಂದು ಬೆಳದೇ ಬೆಳೆಯುತ್ತೆ. ಸುತ್ತ ಕೆಂಪಾಗಿದ್ಯಾ, ಮುಟ್ಟಿದ್ರೆ ಬಿಸಿ ಇದ್ಯಾ, ಊದಿದ್ಯಾ, ಕೀವು ಸೋರ್ತಿದ್ಯಾ, ನೋವಿದ್ಯಾ, ಇದನ್ನ ನೋಡಿ ಸೋಂಕು ಹೌದೋ ಅಲ್ವೋ ಅಂತ ಹೇಳಬೇಕಾದ್ದು ಸರ್ಜನ್. ಸೋಂಕಿಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಬೇಡವೇ ಬೇಡ, ಅಷ್ಟರ ಮಟ್ಟಿಗೆ ನಿಮ್ಮ ಭಾವ ಹೇಳಿದ್ದು ಸರಿ. ಆದ್ರೆ ಸೋಂಕು ಒಳಗೆ ಇಳಿದಿದ್ರೆ, ಮೂಳೆ ತನಕ ಹೋಗಿದ್ರೆ, ಆಗ ಬರೀ ಪಟ್ಟಿ ಹಾಕಿ ಮಾತ್ರೆ ಇಂಜೆಕ್ಷನ್ ಬಿಟ್ರೆ ಕಾಲೇ ಹೋಗುತ್ತೆ. ನಿಮ್ಮ ರಿಪೋರ್ಟಲ್ಲಿ ಇನ್ನೂ ನಾಲ್ಕು ಔಷಧಿ ಉಳಿದಿದೆಯಲ್ಲ, ಬೇಕಾದ್ರೆ ಅದರಲ್ಲಿ ಯಾವುದು ಅಂತ ಡಾಕ್ಟರ್ ಆರಿಸ್ತಾರೆ.

ಈಗ ಬೆಳ್ಳಿ. ನ್ಯಾನೋಮೀಟರ್ ಅಂದ್ರೆ ಒಂದು ಮೀಟರನ್ನ ನೂರು ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು. ನಮ್ಮ ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್, ಗಾಯದಲ್ಲಿ ಕೀವು ಮಾಡೋ ಸ್ಟೆಫೈಲೋಕಾಕಸ್ ಸುಮಾರು 1,000, ಈ ಪಟ್ಟಿಯಲ್ಲಿರೋ ಬೆಳ್ಳಿ ಕಣ ನೂರರೊಳಗೆ. ಅಷ್ಟು ಸಣ್ಣದು ಮಾಡಿದ್ರೆ ಲಾಭ ಏನು ಅಂದ್ರೆ, ಒಂದು ಅಚ್ಚು ಬೆಲ್ಲವನ್ನ ಹಾಗೇ ನೀರಿಗೆ ಹಾಕಿದ್ರೆ ಕರಗೋಕೆ ಎಷ್ಟು ಹೊತ್ತು, ಪುಡಿ ಮಾಡಿ ಹಾಕಿದ್ರೆ ಎಷ್ಟು ಹೊತ್ತು ನೋಡಿ, ಹಾಗೆ. ಪುಡಿ ಆದಷ್ಟೂ ನೀರಿಗೆ ತಾಗೋ ಮೈ ಜಾಸ್ತಿ. ಗಾಯದ ತೇವ ತಾಗಿದ ಕೂಡಲೇ ಈ ಕಣಗಳು ಬೆಳ್ಳಿ ಅಯಾನು, ಅಂದ್ರೆ ವಿದ್ಯುದಾವೇಶ ಇರೋ ಬೆಳ್ಳಿ ಪರಮಾಣು, ಬಿಡೋಕೆ ಶುರು ಮಾಡ್ತವೆ, ಪಟ್ಟಿ ಹೇಗೆ ಮಾಡಿದ್ದಾರೆ ಅನ್ನೋದರ ಮೇಲೆ ಮೂರು ದಿನವೋ ಏಳು ದಿನವೋ ಬಿಡ್ತಾನೇ ಇರ್ತವೆ, ಬ್ಯಾಕ್ಟೀರಿಯಾ ಕೊಲ್ಲೋದು ಆ ಅಯಾನು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಎಷ್ಟೋ ಇದಕ್ಕೆ ಸಾಯ್ತವೆ, ಅದು ನಿಜ. ಆದ್ರೆ ಸಾಯೋದು ಪಟ್ಟಿ ತಾಗಿದ ಕಡೆ ಮಾತ್ರ.

ಇನ್ನೊಂದು ತೊಡಕಿದೆ. ಹಳೇ ಹುಣ್ಣಲ್ಲಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿ ಇರಲ್ಲ, ಒಟ್ಟುಗೂಡಿ ಲೋಳೆ ಕಟ್ಟಿಕೊಂಡು ಅದರೊಳಗೆ ಕೂತಿರ್ತವೆ, ಬಯೋಫಿಲ್ಮ್ ಅಂತಾರೆ. ಮಳೆಗಾಲದಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರಿಕೆ ಕಟ್ಟುತ್ತಲ್ಲ, ಅದರ ಮೇಲೆ ಎಷ್ಟು ಫಿನಾಯಿಲ್ ಸುರಿದ್ರೂ ಹೋಗಲ್ಲ, ತೆಂಗಿನ ನಾರು ಹಿಡಿದು ಉಜ್ಜಲೇಬೇಕು. ಹುಣ್ಣೂ ಹಾಗೇ, ಸತ್ತ ಚರ್ಮ, ಬಿಳೀ ಲೋಳೆ, ಸುತ್ತ ಗಟ್ಟಿಯಾದ ಆಣಿ ಇದನ್ನೆಲ್ಲ ಸರ್ಜನ್ ಕೆರೆದು ಕತ್ತರಿಸಿ ತೆಗೀಬೇಕು, ಅದೂ ಒಂದೇ ಸಲ ಅಲ್ಲ. ಅದು ಆಗದೆ ಮೇಲೆ ಎಂಥ ಪಟ್ಟಿ ಹಾಕಿದ್ರೂ ದುಡ್ಡು ದಂಡ.

ಈಗ ಆ ನಡೆಯೋ ಮಾತು. ಶುಗರ್‌ನಲ್ಲಿ ಕಾಲಿನ ನರ ಜಡವಾಗಿರುತ್ತೆ, ಹುಣ್ಣು ನೋಯಲ್ಲ, ನೋಯದಿದ್ದಕ್ಕೆ ಅವರು ಊರಿ ನಡೀತಾರೆ, ಊರಿದ ಪ್ರತಿ ಹೆಜ್ಜೆಗೂ ಮೈಭಾರ ಎಲ್ಲ ಆ ಹೆಬ್ಬೆರಳ ಬುಡದ ಮೇಲೆ ಬೀಳುತ್ತೆ, ರಾತ್ರಿ ಮಾಯ್ದಿದ್ದು ಹಗಲು ಒಡೆಯುತ್ತೆ. ಪಾಲ್ ಬ್ರಾಂಡ್ ಅಂತ ಒಬ್ಬ ಸರ್ಜನ್ ವೆಲ್ಲೂರಲ್ಲಿ ಕುಷ್ಠರೋಗಿಗಳನ್ನ ನೋಡ್ಕೋತಿದ್ರು. ಸ್ಪರ್ಶ ಇಲ್ಲದ ಕಾಲಿಗೆ ಒತ್ತಡ ಬೀಳದ ಹಾಗೆ ಅಳತೆಗೆ ಸರಿಯಾಗಿ ಪ್ಲಾಸ್ಟರ್ ಹಾಕಿದ್ರೆ ಹುಣ್ಣು ತಾನಾಗೇ ಮಾಯುತ್ತೆ ಅನ್ನೋದನ್ನ ಆಮೇಲೆ ಅಮೆರಿಕದವರಿಗೂ ಕಲಿಸಿದ್ರು, ಇವತ್ತಿಗೂ ಶುಗರ್ ಕಾಲಿಗೆ ಅದೇ ಮೊದಲ ಚಿಕಿತ್ಸೆ ಸಾಲಿನಲ್ಲಿದೆ. 2023ರಲ್ಲಿ ಮಧುಮೇಹದ ಕಾಲಿನ ಬಗ್ಗೆ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಂತೂ ಹುಣ್ಣು ಮಾಯಿಸೋಕೆ ಅಂತಲೇ ಬೆಳ್ಳಿಯಂಥ ಬ್ಯಾಕ್ಟೀರಿಯಾ ಕೊಲ್ಲೋ ಪಟ್ಟಿ ಹಾಕಬೇಡಿ ಅಂತ ನೇರವಾಗಿ ಬರೆದಿದ್ದಾರೆ.

ಹಾಗಾದ್ರೆ ಬೇಡವೇ ಬೇಡವಾ ಅಂದ್ರೆ, ಕೀವು ಜಾಸ್ತಿ ಸೋರ್ತಿರೋ ಹುಣ್ಣಿಗೆ ಸ್ವಲ್ಪ ದಿನ ಹಾಕಿ ನೋಡೋ ಸರ್ಜನ್‌ಗಳಿದ್ದಾರೆ, ಎರಡು ವಾರ ಹಾಕಿ ಆಗ ತಿರುಗಿ ನೋಡೋದು ರೂಢಿ. ನೀವು ಕೇಳಬೇಕಾದ್ದು ಇಷ್ಟು: ಒಳಗೆ ಮೂಳೆಗೆ ತಾಗಿದ್ಯಾ ಎಕ್ಸ್‌ರೇ ಮಾಡಿಸಬೇಕಾ, ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದ್ಯಾ, ಭಾರ ಬೀಳದ ಹಾಗೆ ಯಾವ ಚಪ್ಪಲಿ ಅಥವಾ ಪ್ಲಾಸ್ಟರ್, ಶುಗರ್ ಎಷ್ಟಿದೆ. ಇದೆಲ್ಲ ಆದ್ಮೇಲೆ ಪಟ್ಟಿ ಯಾವುದು ಅಂತ ಕೇಳಿ. ಜ್ವರ ಬಂದ್ರೆ, ಬೆರಳು ಕಪ್ಪಾದ್ರೆ, ಕೆಂಪು ಮೇಲಕ್ಕೆ ಹತ್ತಿದ್ರೆ, ಕೊಳೆತ ವಾಸನೆ ಬಂದ್ರೆ ನಾಳೆ ಅನ್ನಬೇಡಿ, ಅವತ್ತೇ ಹಾಸನಕ್ಕೆ ಕರ್ಕೊಂಡು ಬನ್ನಿ.

ಪ್ರಶ್ನೆ: ಆಂಟಿಬಯೋಟಿಕ್‌ಗೆ ಒಗ್ಗಿಹೋದ ಬ್ಯಾಕ್ಟೀರಿಯಾ ಬೆಳ್ಳಿಗೆ ಮಾತ್ರ ಯಾಕೆ ಸಾಯುತ್ತೆ? ನಾಳೆ ಇದಕ್ಕೂ ಒಗ್ಗಿಕೊಳ್ಳಲ್ವಾ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ತೋಟದವರಾದ್ದರಿಂದ ನಿಮಗೆ ಇದನ್ನ ಹೇಳೋದು ಸುಲಭ. ಮಳೆ ಹಿಡಿಯೋಕೆ ಮುಂಚೆ ನೀವು ಮೈಲುತುತ್ತ ಸುಣ್ಣ ಬೆರೆಸಿ ಹೊಡೀತೀರಲ್ಲ, ಬೋರ್ಡೋ, ಅದು 1885ರ ಸುಮಾರಿಗೆ ಫ್ರಾನ್ಸ್‌ನ ದ್ರಾಕ್ಷಿ ತೋಟಗಳಿಂದ ಬಂದಿದ್ದು, ನೂರು ಮೂವತ್ತು ವರ್ಷದ ಮೇಲಾಯ್ತು, ಇವತ್ತಿಗೂ ಕೆಲಸ ಮಾಡುತ್ತೆ. ಅದೇ ಹಾಸನದ ಕಡೆ ಆಲೂಗಡ್ಡೆ ಬೆಳೆಯೋರನ್ನ ಕೇಳಿ, ಅಂಗಮಾರಿ ರೋಗಕ್ಕೆ ಅಂತ ಗಿಡದೊಳಗೆ ಹೋಗಿ ಕೆಲಸ ಮಾಡೋ ಮೆಟಲಾಕ್ಸಿಲ್ ಬಂದಾಗ ಎಷ್ಟು ಚೆನ್ನಾಗಿತ್ತು. ಆದ್ರೆ ಕೆಲವೇ ವರ್ಷಕ್ಕೆ ಅದಕ್ಕೆ ಬಗ್ಗದ ಅಂಗಮಾರಿ ಪ್ರಪಂಚದ ಎಷ್ಟೋ ಕಡೆ ಕಾಣಿಸಿಕೊಂಡ್ತು. ಯಾಕೆ ಅಂದ್ರೆ ಮೆಟಲಾಕ್ಸಿಲ್ ರೋಗಾಣುವಿನ ಒಂದೇ ಒಂದು ಕೀಲು ಹಿಡಿಯುತ್ತೆ, ರೋಗಾಣು ಆ ಒಂದು ಕೀಲು ಬದಲಾಯಿಸಿಕೊಂಡ್ರೆ ಸಾಕು ಬಚಾವು. ಮೈಲುತುತ್ತದಲ್ಲಿರೋ ತಾಮ್ರ ಹಾಗಲ್ಲ, ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡು ಹತ್ತು ಕಡೆ ಒಟ್ಟಿಗೆ ಕೆಡಿಸುತ್ತೆ.

ಆಂಟಿಬಯೋಟಿಕ್‌ಗಳೂ ಬಹಳಷ್ಟು ಮೆಟಲಾಕ್ಸಿಲ್ ಜಾತಿ. ಪೆನ್ಸಿಲಿನ್ ಗುಂಪಿನ ಔಷಧಿ ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟೋಕೆ ಬಳಸೋ ಪ್ರೋಟೀನನ್ನ ಹಿಡಿದು ನಿಲ್ಲಿಸುತ್ತೆ. ಎಮ್‌ಆರ್‌ಎಸ್‌ಎ ಅಂತ ಕೇಳಿರ್ತೀರ, ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫೈಲೋಕಾಕಸ್, ಅದು ಔಷಧಿ ಹಿಡಿಯೋಕಾಗದ ಬೇರೆ ಪ್ರೋಟೀನನ್ನೇ ತಂದು ಇಟ್ಕೊಂಡ್ತು. ಪೆನ್ಸಿಲಿನ್ ಗುಂಪಿನದೇ ಆದ ಮೆಥಿಸಿಲಿನ್ ಔಷಧಿ ಬಳಕೆಗೆ ಬಂದು ವರ್ಷ ಎರಡು ವರ್ಷದಲ್ಲೇ, 1961ರಲ್ಲಿ ಇಂಗ್ಲೆಂಡಲ್ಲಿ ಅದು ಪತ್ತೆಯಾಯ್ತು. ಬೆಳ್ಳಿ ನಿಮ್ಮ ಮೈಲುತುತ್ತದ ಸಂಬಂಧಿ. ಪ್ರೋಟೀನಲ್ಲಿ ಗಂಧಕ ಇರೋ ಜಾಗಗಳಿಗೆಲ್ಲ ಅಂಟುತ್ತೆ, ಪೊರೆ ತೂತು ಮಾಡುತ್ತೆ, ಉಸಿರಾಟ ಕೆಡಿಸುತ್ತೆ, ಡಿಎನ್‌ಎಗೂ ತೊಂದರೆ ಕೊಡುತ್ತೆ. ಇಷ್ಟೂ ಕಡೆ ಒಟ್ಟಿಗೆ ರಿಪೇರಿ ಮಾಡ್ಕೊಳ್ಳೋದು ಬ್ಯಾಕ್ಟೀರಿಯಾಗೆ ಕಷ್ಟ.

ಕಷ್ಟ ಅಂದೆ, ಆಗಲ್ಲ ಅನ್ನಲಿಲ್ಲ. 1975ರಲ್ಲೇ ಅಮೆರಿಕದ ಬಾಸ್ಟನ್‌ನ ಒಂದು ಸುಟ್ಟಗಾಯದ ವಾರ್ಡಲ್ಲಿ ಸಿಲ್ವರ್ ನೈಟ್ರೇಟ್‌ಗೆ ಜಗ್ಗದ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಸಿಕ್ಕಿದೆ. ಒಳಗೆ ಬಂದ ಬೆಳ್ಳಿನ ಮೋಟಾರ್ ಹಾಕಿ ನೀರೆತ್ತಿದ ಹಾಗೆ ಹೊರಗೆ ಎಸೆಯೋದನ್ನ ಅದು ಕಲಿತಿತ್ತು. ನನಗೆ ಹೆದರಿಕೆ ಆಗೋದು ಅದಕ್ಕಲ್ಲ, ಆ ಬೆಳ್ಳಿ ತಡೆಯೋ ಜೀನ್‌ಗಳು ಆಂಟಿಬಯೋಟಿಕ್ ತಡೆಯೋ ಜೀನ್‌ಗಳ ಜೊತೆ ಒಂದೇ ಡಿಎನ್‌ಎ ಉಂಗುರದಲ್ಲಿ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು ಅನ್ನೋದಕ್ಕೆ. ಅಂದ್ರೆ ಬೇಕಿಲ್ಲದ ಗಾಯಕ್ಕೆಲ್ಲ ಬೆಳ್ಳಿ ಹಾಕ್ತಾ ಹೋದ್ರೆ ನಾವು ಆರಿಸಿ ಉಳಿಸೋದು ಎರಡಕ್ಕೂ ಬಗ್ಗದ ಬ್ಯಾಕ್ಟೀರಿಯಾನ. ಇವತ್ತು ಟೂತ್‌ಬ್ರಶ್‌ಗೂ ಕಾಲುಚೀಲಕ್ಕೂ ನ್ಯಾನೋ ಬೆಳ್ಳಿ ಹಾಕಿ ಮಾರ್ತಿರೋದನ್ನ ನೋಡಿದ್ರೆ ನನಗೆ ಸಮಾಧಾನ ಇಲ್ಲ. ಆಸ್ಪತ್ರೆಯಲ್ಲಿ ಪ್ರಾಣ ಉಳಿಸೋಕೆ ಬೇಕಾದ ವಸ್ತುನ ಕಾಲಿನ ವಾಸನೆಗೆ ಖರ್ಚು ಮಾಡಬಾರದು.

ಪ್ರಶ್ನೆ: ನಮ್ಮಲ್ಲಿ ಬೆಳ್ಳಿ ಪ್ಯಾಡನ್ನ ನಾರ್ಮಲ್ ಸಲೈನಲ್ಲಿ ಒದ್ದೆ ಮಾಡಿ ಹಾಕ್ತೀವಿ. ದಿನಾ ಬಿಚ್ಚಿ ನೋಡ್ತೀವಿ. ಕೆಲವರಿಗೆ ಸುತ್ತ ಚರ್ಮ ಬೂದಿ ಬಣ್ಣ ಆಗುತ್ತೆ, ಮನೆಯವರು ಗ್ಯಾಂಗ್ರೀನ್ ಅಂತ ಗಾಬರಿ ಬೀಳ್ತಾರೆ.
— ಸ್ಟಾಫ್ ನರ್ಸ್, ಕಡೂರು

ಉತ್ತರ: ಸಿಸ್ಟರ್, ನೀವು ಕೇಳಿದ್ದು ತುಂಬಾ ಒಳ್ಳೇದಾಯ್ತು, ಇದು ಡಾಕ್ಟರ್‌ಗಳೂ ಎಷ್ಟೋ ಸಲ ಗಮನಿಸದ ವಿಷಯ. ಸಲೈನ್ ಅಂದ್ರೆ ಉಪ್ಪುನೀರು, ಉಪ್ಪಲ್ಲಿರೋ ಕ್ಲೋರೈಡ್ ಬೆಳ್ಳಿ ಅಯಾನು ಕಂಡ ಕೂಡಲೇ ಅಂಟಿಕೊಂಡು ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕೆ ಕೂರುತ್ತೆ. ಪಿಯುಸಿ ಲ್ಯಾಬಲ್ಲಿ ಟೆಸ್ಟ್ ಟ್ಯೂಬಲ್ಲಿ ಮೊಸರಿನ ಹಾಗೆ ಬಿಳೀ ಆಗೋದು ನೋಡಿರ್ತೀರಲ್ಲ ಅದೇ. ದುಬಾರಿ ಪ್ಯಾಡ್ ಬ್ಯಾಕ್ಟೀರಿಯಾ ಮುಟ್ಟೋಕೆ ಮುಂಚೆನೇ ಅರ್ಧ ಖರ್ಚಾಗಿರುತ್ತೆ. ಸಣ್ಣ ಸ್ಫಟಿಕದ ಬೆಳ್ಳಿ ಲೇಪ ಇರೋ ಪ್ಯಾಡ್‌ಗಳನ್ನ ಸ್ಟೆರೈಲ್ ವಾಟರಲ್ಲೇ ಒದ್ದೆ ಮಾಡಿ. ಗಾಯ ತೊಳೆಯೋಕೆ ಸಲೈನ್ ಪರವಾಗಿಲ್ಲ, ತೊಳೆದು ಒತ್ತಿ ತೆಗೆದು ಆಮೇಲೆ ಪ್ಯಾಡ್ ಇಡಿ. ನಡುವೆ ವ್ಯಾಸಲೀನ್ ತರದ ಮುಲಾಮು ಬೇಡ, ಬೆಳ್ಳಿ ದಾಟಿ ಬರಬೇಕಲ್ಲ.

ದಿನಾ ಬಿಚ್ಚೋದು ಬೇಡ. ಮೂರು ದಿನದ್ದು ಮೂರು ದಿನ ಇರಲಿ, ಏಳು ದಿನದ್ದು ಏಳು ದಿನ, ಪೆಟ್ಟಿಗೆ ಮೇಲೆ ಬರೆದಿರ್ತಾರೆ. ಸೋರಿ ಹೊರಗಿನ ಬ್ಯಾಂಡೇಜ್ ಒದ್ದೆಯಾದ್ರೆ, ನೋವು ಜ್ವರ ಬಂದ್ರೆ ಮಾತ್ರ ಮುಂಚೆ ಬಿಚ್ಚಿ. ಬೂದಿ ಬಣ್ಣ ಬೆಳ್ಳಿಯ ಕಲೆ, ಸ್ವಲ್ಪ ದಿನಕ್ಕೆ ಹೋಗುತ್ತೆ. ಮನೆಯವರಿಗೆ ಮೊದಲ ದಿನವೇ ಹೇಳಿಬಿಡಿ. ಮುಟ್ಟಿದ್ರೆ ತಣ್ಣಗಿದ್ದು ಕಪ್ಪಗೆ ಒಣಗಿದ್ರೆ, ವಾಸನೆ ಇದ್ರೆ ಅದು ಬೇರೆ, ಅದಕ್ಕೆ ಸರ್ಜನ್ ಬೇಕು.

ಇನ್ನೊಂದು, ಗಾಯ ಕೆಂಪಗೆ ದಾಳಿಂಬೆ ಕಾಳಿನ ಹಾಗೆ ಚಿಗುರೋಕೆ ಶುರುವಾದ್ಮೇಲೆ ಬೆಳ್ಳಿ ನಿಲ್ಲಿಸೋಕೆ ಡಾಕ್ಟರನ್ನ ಕೇಳಿ. ಲ್ಯಾಬಲ್ಲಿ ನೋಡಿದ್ರೆ ಬೆಳ್ಳಿ ಹೊಸ ಚರ್ಮ ಕಟ್ಟೋ ನಮ್ಮದೇ ಜೀವಕೋಶಗಳಿಗೂ ವಿಷ. ಆಗ ಬೇಕಾದ್ದು ತೇವ ಹಿಡಿದಿಡೋ ಸಾದಾ ಪಟ್ಟಿ. 1962ರಲ್ಲೇ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಮಾಡಿ ತೋರಿಸಿದ್ರು, ಒಣಗೋಕೆ ಬಿಟ್ಟ ಗಾಯಕ್ಕಿಂತ ತೇವವಾಗಿ ಮುಚ್ಚಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬುತ್ತೆ ಅಂತ. ನಮ್ಮಲ್ಲಿ ಇನ್ನೂ ಒಣ ಗಾಜ್ ಬಟ್ಟೆ ಇಟ್ಟು ಮಾರನೇ ದಿನ ಪರಪರ ಅಂತ ಕೀಳ್ತಾರೆ, ಅದರ ಜೊತೆ ನಿನ್ನೆ ರಾತ್ರಿ ಹುಟ್ಟಿದ ಎಳೇ ಚರ್ಮ ಕಿತ್ತು ಬರುತ್ತೆ, ಆ ಬಟ್ಟೆ ಮೇಲಿನ ರಕ್ತದ ಚುಕ್ಕಿ ನೋಡಿ ಗೊತ್ತಾಗುತ್ತೆ. ಹತ್ತು ನಿಮಿಷ ನೆನೆಸಿ ತೆಗೀರಿ ಅಂತ ನಿಮ್ಮ ಜೊತೆಯವರಿಗೂ ದಯವಿಟ್ಟು ಹೇಳಿ.

ಪ್ರಶ್ನೆ: ತೋಟದಲ್ಲಿ ಕತ್ತಿ ತಾಗಿದ್ರೆ ನಮ್ಮ ಆಳುಗಳು ಕಾಫಿ ಪುಡಿ ತುಂಬ್ತಾರೆ, ಕೆಲವರು ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸ್ತಾರೆ. ಇದರ ಬದಲು ನ್ಯಾನೋ ಬ್ಯಾಂಡೇಜ್ ತಂದಿಡಬಹುದಾ?
— ಕಳಸ

ಉತ್ತರ: ಬೇಡ. ಹೊಸ ಗಾಯಕ್ಕೆ ಬೇಕಾದ್ದು ಕುದಿಸಿ ಆರಿಸಿದ ನೀರು ಇಲ್ಲಾಂದ್ರೆ ಓಡೋ ನಲ್ಲಿ ನೀರು, ಸೋಪು, ಐದು ನಿಮಿಷ ತಾಳ್ಮೆಯಿಂದ ತೊಳೆಯೋದು, ಒತ್ತಿ ಹಿಡಿದು ರಕ್ತ ನಿಲ್ಲಿಸೋದು, ಶುಭ್ರ ಬಟ್ಟೆ. ಮಣ್ಣು ಸೇರಿದ ಗಾಯಕ್ಕೆ ಧನುರ್ವಾಯು ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ನೋಡಿ, ಆಳವಾಗಿದ್ರೆ ಹೊಲಿಗೆ. ಕಾಫಿ ಪುಡಿ ರಕ್ತ ನಿಲ್ಲಿಸಿದ ಹಾಗೆ ಕಾಣುತ್ತೆ, ಆದ್ರೆ ಪುಡಿ ಒಳಗೇ ಉಳಿದು ಮಾರನೇ ದಿನ ಡಾಕ್ಟರ್ ಅದನ್ನ ಕೆರೆದು ತೆಗೆಯೋವಾಗ ಆ ಮನುಷ್ಯ ಪಡೋ ನೋವು ಹೇಳತೀರದು. ಕ್ಯಾಪ್ಸೂಲ್ ಪುಡಿ ಉದುರಿಸೋದಂತೂ ಬ್ಯಾಕ್ಟೀರಿಯಾಗೆ ಸ್ವಲ್ಪ ಸ್ವಲ್ಪ ಔಷಧಿ ತೋರಿಸಿ ಪಾಠ ಹೇಳಿಕೊಟ್ಟ ಹಾಗೆ. ಇಂಬಳ ಕಚ್ಚಿದ ಜಾಗಕ್ಕೂ ಇದೇ ಮಾತು, ತೊಳೆದು ಒತ್ತಿ ಹಿಡೀರಿ, ಕೆರೀಬೇಡಿ.

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷ. ಬೆಳ್ಳಿ ಬಿಟ್ಟು ಬೇರೆ ಯಾವ ನ್ಯಾನೋ ವಸ್ತುಗಳ ಮೇಲೆ ಕೆಲಸ ನಡೀತಿದೆ? ಪೇಪರಲ್ಲಿ ವಾರಕ್ಕೊಂದು ಬರುತ್ತೆ, ಅಂಗಡೀಲಿ ಯಾಕೆ ಸಿಗಲ್ಲ?
— ವಿದ್ಯಾರ್ಥಿನಿ, ಹಾಸನ

ಉತ್ತರ: ನನಗೆ ಇಷ್ಟವಾದ್ದರಿಂದ ಶುರು ಮಾಡ್ತೀನಿ, ಕೈಟೋಸಾನ್. ಸಿಗಡಿ ಏಡಿ ಚಿಪ್ಪಿಂದ ತೆಗೆಯೋದು. ಅದರ ಮೈಮೇಲೆ ಧನ ವಿದ್ಯುದಾವೇಶ, ಬ್ಯಾಕ್ಟೀರಿಯಾ ಮೈ ಋಣ, ಹಾಗಾಗಿ ಒಂದನ್ನೊಂದು ಎಳೆದುಕೊಂಡು ಪೊರೆ ಹರಿಯುತ್ತೆ. ರಕ್ತ ನಿಲ್ಲಿಸೋಕೆ ಸೈನಿಕರು ಕೈಟೋಸಾನ್ ಪಟ್ಟಿ ಆಗಲೇ ಬಳಸಿದ್ದಾರೆ. ಆಮೇಲೆ ಸತು, ಜಿಂಕ್ ಆಕ್ಸೈಡ್, ಚುರುಕು ಆಮ್ಲಜನಕದ ಅಣುಗಳನ್ನ ಹುಟ್ಟಿಸಿ ಬ್ಯಾಕ್ಟೀರಿಯಾನ ಸುಡುತ್ತೆ. ಚಿನ್ನದ ನ್ಯಾನೋ ಕಡ್ಡಿಗಳ ಮೇಲೆ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಬಿಟ್ರೆ ಅವು ಅಲ್ಲಲ್ಲೇ ಬಿಸಿಯಾಗ್ತವೆ, ಆ ಬಿಸಿಗೆ ಲೋಳೆ ಪದರದ ಒಳಗಿರೋದೂ ಸಾಯುತ್ತೆ, ಔಷಧಿಯೇ ಬೇಡ, ಹಾಗಾಗಿ ಔಷಧಿಗೆ ಒಗ್ಗಿದ್ಯಾ ಅನ್ನೋ ಪ್ರಶ್ನೆನೇ ಬರಲ್ಲ. 2007ರಲ್ಲಿ ಚೀನಾದ ವಿಜ್ಞಾನಿಗಳು ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣ ಕಿಣ್ವದ ಹಾಗೆ ಕೆಲಸ ಮಾಡೋದನ್ನ ತೋರಿಸಿದ್ರು, ಅಲ್ಲಿಂದ ನ್ಯಾನೋಜೈಮ್ ಅನ್ನೋ ದೊಡ್ಡ ಕ್ಷೇತ್ರವೇ ಬೆಳೀತು. ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಇದ್ರೆ ಸಾಕು, ಇವು ಅದನ್ನ ತೀಕ್ಷ್ಣವಾದ ಅಣುಗಳಾಗಿ ಒಡೆದು ಬ್ಯಾಕ್ಟೀರಿಯಾ ಮೇಲೆ ಬಿಡ್ತವೆ. ಹೆಚ್ಚು ವೋಲ್ಟ್ ಕರೆಂಟ್ ಕೊಟ್ಟು ಪಾಲಿಮರ್ ದ್ರಾವಣನ ಜೇಡರ ಬಲೆ ಎಳೆಗಿಂತ ಸಣ್ಣದಾಗಿ ಎಳೆದು ಚಾಪೆ ಮಾಡ್ತಾರೆ, ಅದು ನಮ್ಮ ಚರ್ಮದೊಳಗಿನ ಹಂದರದ ಹಾಗೇ ಇರೋದ್ರಿಂದ ಜೀವಕೋಶಗಳು ಅದರ ಮೇಲೆ ಹತ್ತಿ ಹಬ್ಬುತ್ತವೆ. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಜಕ್ಕೂರಲ್ಲಿರೋ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬ್ಯಾಕ್ಟೀರಿಯಾ ಕೊಲ್ಲೋ ಪಾಲಿಮರ್, ಜೆಲ್‌ಗಳ ಮೇಲೆ ವರ್ಷಗಳಿಂದ ಕೆಲಸ ನಡೀತಿದೆ, ಮುಂದೆ ಓದೋ ಆಸೆ ಇದ್ರೆ ಅಲ್ಲಿ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ.

ಅಂಗಡಿಗೆ ಯಾಕೆ ಬಂದಿಲ್ಲ ಅಂದ್ರೆ, ಪೇಪರಲ್ಲಿ ಬರೋದರಲ್ಲಿ ಬಹುಪಾಲು ಇಲಿ ಮೇಲೆ ಮಾಡಿದ್ದು. ಇಲಿ ಗಾಯ ಮಾಯೋದು ಚರ್ಮ ಸುತ್ತಲಿಂದ ಚೀಲದ ಬಾಯಿ ಎಳೆದ ಹಾಗೆ ಕುಗ್ಗಿ, ನಮ್ಮದು ಕೆಳಗಿಂದ ತುಂಬಿಕೊಂಡು ಮೇಲೆ ಚರ್ಮ ಹಬ್ಬಿ. ಅಲ್ಲದೆ ಪ್ರಯೋಗದ ಇಲಿ ಎಳೇದು, ಆರೋಗ್ಯವಾಗಿರೋದು, ನಿನ್ನೆ ಮಾಡಿದ ಗಾಯ. ಆಲೂರಿನ ಆ ಮಾವನವರ ಕಾಲು ಅದಲ್ಲ. ಆಮೇಲೆ ಕಣಗಳು ಗಾಯದಿಂದ ರಕ್ತಕ್ಕೆ ಹೋಗಿ ಯಕೃತ್ತಲ್ಲಿ ಅಂದ್ರೆ ಲಿವರಲ್ಲಿ, ಗುಲ್ಮದಲ್ಲಿ ಅಂದ್ರೆ ಸ್ಪ್ಲೀನಲ್ಲಿ ಕೂರ್ತವಾ, ಎಷ್ಟು ದಿನ ಕೂರ್ತವೆ ಅಂತ ನೋಡಬೇಕು, ಕಾರ್ಖಾನೆಯಲ್ಲಿ ಪ್ರತಿ ಸಲ ಅದೇ ಅಳತೆ ಕಣ ಬರಬೇಕು. ನಮ್ಮ ದೇಶದಲ್ಲಿ ನ್ಯಾನೋ ಔಷಧಿ ಪರೀಕ್ಷೆ ಹೇಗಿರಬೇಕು ಅಂತ ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ಮಾರ್ಗಸೂಚಿ ತಂದಿದ್ದೇ 2019ರಲ್ಲಿ. ನಿಧಾನ ಅನ್ನಿಸುತ್ತೆ, ಆದ್ರೆ ಈ ವಿಷಯದಲ್ಲಿ ನಿಧಾನವೇ ಸರಿ ಅಂತ ನನಗನ್ನಿಸುತ್ತೆ.

ಪ್ರಶ್ನೆ: ಮನೇಲಿ ಬೆಳ್ಳಿ ಭಸ್ಮ ಇದೆ, ಆನ್‌ಲೈನಲ್ಲಿ ಬೆಳ್ಳಿ ನೀರು ಅಂತಲೂ ಮಾರ್ತಾರೆ. ಕುಡಿದ್ರೆ ಒಳಗಿನ ಸೋಂಕು ಹೋಗುತ್ತಂತೆ, ಗಾಯಕ್ಕೂ ಹಚ್ಚಬಹುದಂತೆ?
— ಬೇಲೂರು

ಉತ್ತರ: ಎರಡೂ ಬೇಡ. ಬೆಳ್ಳಿ ಹೊರಗಿನ ಬಳಕೆಗೆ ಹಳೇ ನಂಟು ಇದೆ, 1880ರ ದಶಕದಲ್ಲಿ ಜರ್ಮನಿಯ ಕ್ರೆಡೆ ಅನ್ನೋ ಡಾಕ್ಟರ್ ಹುಟ್ಟಿದ ಮಗುವಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಎಷ್ಟೋ ಮಕ್ಕಳ ಕಣ್ಣು ಉಳಿಸಿದ್ರು, ಸುಟ್ಟಗಾಯಕ್ಕೆ ಹಚ್ಚೋ ಸಿಲ್ವರ್ ಸಲ್ಫಾಡಯಾಜಿನ್ ಬಿಳೀ ಕ್ರೀಮ್ 1968ರಿಂದ ಇದೆ. ಆದ್ರೆ ಅವೆಲ್ಲ ಅಳತೆ ಗೊತ್ತಿರೋ ಔಷಧಿ. ಕುಡಿಯೋ ಬೆಳ್ಳಿ ದಿನಗಟ್ಟಲೆ ಮೈಯಲ್ಲಿ ಸೇರಿ ಚರ್ಮ ನೀಲಿ ಬೂದು ಆಗುತ್ತೆ, ಆರ್ಜೀರಿಯಾ ಅಂತಾರೆ, ಆ ಬಣ್ಣ ಮತ್ತೆ ಹೋಗಲ್ಲ. ಇಂಥ ಬೆಳ್ಳಿ ನೀರು ಸುರಕ್ಷಿತವೂ ಅಲ್ಲ ಪರಿಣಾಮಕಾರಿಯೂ ಅಲ್ಲ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ತೆರೆದ ಗಾಯಕ್ಕೆ ಭಸ್ಮ ಹಾಕಿದ್ರೆ ಅದು ಶುದ್ಧೀಕರಿಸಿದ ಪುಡಿಯೂ ಅಲ್ಲ, ಗಾಯದೊಳಗೆ ಉಳಿದುಬಿಡುತ್ತೆ.

ಪ್ರಶ್ನೆ: ನನ್ನ ಗಾಯಕ್ಕೆ ಕೊಟ್ಟ ಮಾತ್ರೆ ಅರ್ಧ ಉಳಿದಿತ್ತು, ಹಸು ಕೆಚ್ಚಲು ಬಾವಿಗೆ ಅದನ್ನೇ ಕೊಟ್ಟೆ, ಕಮ್ಮಿ ಆಯ್ತು. ತಪ್ಪೇನು?
— ಅರಸೀಕೆರೆ

ಉತ್ತರ: ಬಾವು ಕಮ್ಮಿ ಆಗಿದ್ದು ಮಾತ್ರೆಯಿಂದಲೋ ತಾನಾಗೋ ಅಂತ ಹೇಳೋಕಾಗಲ್ಲ ಅಣ್ಣ, ಮನುಷ್ಯನ ಮಾತ್ರೆ ಅಳತೆ ಹಸುವಿನ ಮೈತೂಕಕ್ಕೆ ಏನೇನೂ ಸಾಲದು. ಸಾಲದ ಔಷಧಿಗೆ ಸಾಯೋದು ದುರ್ಬಲ ಬ್ಯಾಕ್ಟೀರಿಯಾ, ಉಳಿಯೋದು ಗಟ್ಟಿಯವು, ಕೊಟ್ಟಿಗೆ ನೆಲದಲ್ಲಿ, ಹಾಲು ಕರೆಯೋ ಕೈಯಲ್ಲಿ, ಆ ಕೈಯಲ್ಲಿರೋ ಸೀಳಿನಲ್ಲಿ. ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತಗೊಂಡ ಭಾಷಣದಲ್ಲೇ ಕಮ್ಮಿ ಅಳತೆ ಔಷಧಿ ಕೊಟ್ರೆ ಹೀಗಾಗುತ್ತೆ ಅಂತ ಎಚ್ಚರಿಸಿದ್ರು. 2019 ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತವರು ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಅಂತ ಲೆಕ್ಕ ಹಾಕಿದ್ದಾರೆ. ಕೊನೇ ಅಸ್ತ್ರ ಅನ್ನೋ ಕೋಲಿಸ್ಟಿನ್ ಔಷಧಿನ ಕೋಳಿ ದನಗಳಿಗೆ ಕೊಡೋದನ್ನ ನಮ್ಮ ಸರ್ಕಾರ ಅದೇ 2019ರಲ್ಲಿ ನಿಷೇಧ ಮಾಡಿದ್ದೂ ಇದಕ್ಕೇ. ಮಾತ್ರೆ ಪಟ್ಟಿ ಹಿಂದೆ ಕೆಂಪು ಗೆರೆ ಇದ್ರೆ ಅದು ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ, ಇನ್ನೊಬ್ಬರಿಗೆ ದಾಟಿಸುವಂಥದ್ದೂ ಅಲ್ಲ. ಹಸುವಿಗೆ ಪಶು ಡಾಕ್ಟರನ್ನ ಕರೆಸಿ, ಔಷಧಿ ಕೊಟ್ಟ ಮೇಲೆ ಅವರು ಹೇಳಿದಷ್ಟು ದಿನ ಆ ಹಾಲು ಡೇರಿಗೆ ಹಾಕಬೇಡಿ.

ಪ್ರಶ್ನೆ: ನಮ್ಮಪ್ಪನ ಕಾಲಿಂದ ಕೀವು ಸೋರ್ತಾನೇ ಇದೆ, ಆದ್ರೆ ಕಲ್ಚರ್ ರಿಪೋರ್ಟ್ ಏನೂ ಬೆಳೀಲಿಲ್ಲ ಅಂತ ಬಂದಿದೆ. ಲ್ಯಾಬಿನವರು ಸರಿಯಾಗಿ ಮಾಡಲಿಲ್ವಾ?
— ಸಕಲೇಶಪುರ

ಉತ್ತರ: ಆಗಿರಬಹುದು, ಆದ್ರೆ ಬಹಳ ಸಲ ತಪ್ಪು ನಮ್ಮ ಕೈಗೆ ಬರೋಕೆ ಮುಂಚೆನೇ ಆಗಿರುತ್ತೆ. ಆಂಟಿಬಯೋಟಿಕ್ ಎರಡು ದಿನ ನುಂಗಿಸಿ ಆಮೇಲೆ ಕೀವು ತೆಗೆದ್ರೆ ತಟ್ಟೆಯಲ್ಲಿ ಬೆಳೆಯಲ್ಲ, ಆದ್ರೆ ಕಾಲೊಳಗೆ ಬದುಕಿರುತ್ತೆ. ಬೆಳ್ಳಿ ಪಟ್ಟಿ ಬಿಚ್ಚಿ ತೊಳೆಯದೆ ಹಾಗೇ ಹತ್ತಿಕಡ್ಡಿ ಆಡಿಸಿದ್ರೂ ಅಷ್ಟೇ, ಬೆಳ್ಳಿ ಕಡ್ಡಿ ಜೊತೆನೇ ಬಂದು ಟ್ಯೂಬಲ್ಲೇ ಕೊಂದಿರುತ್ತೆ. ಒಮ್ಮೆ ಘಾಟಿ ಕಡೆಯ ಒಂದೂರಿಂದ ಒಬ್ಬರು ಕೀವು ಮೆತ್ತಿದ ಹತ್ತಿನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಅಂಗಿ ಜೇಬಲ್ಲಿಟ್ಟುಕೊಂಡು ಬಸ್ಸಲ್ಲಿ ನಾಲ್ಕು ಗಂಟೆ ಕೂತು ತಂದಿದ್ರು, ಒಣಗಿ ಹಪ್ಪಳ ಆಗಿತ್ತು, ಅವರ ಮುಖ ನೋಡಿ ಆಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಗಾಳಿ ತಾಗಿದ್ರೆ ಸಾಯೋ ಬ್ಯಾಕ್ಟೀರಿಯಾ ಇದಾವೆ, ಕ್ಷಯದಂಥವು ಬೆಳೆಯೋಕೆ ವಾರಗಟ್ಟಲೆ ಬೇಕು, ಅವಕ್ಕೆ ಬೇರೆ ಪರೀಕ್ಷೆ ಬರೆಸಬೇಕು.

ಇನ್ನೊಮ್ಮೆ ಕೊಡೋವಾಗ ಹೀಗೆ ಮಾಡಿ. ಡಾಕ್ಟರನ್ನ ಕೇಳಿ, ಸಾಧ್ಯವಾದ್ರೆ ಹೊಸ ಮಾತ್ರೆ ಶುರು ಮಾಡೋಕೆ ಮುಂಚೆ ಸ್ಯಾಂಪಲ್ ತೆಗೆಸಿ. ಮೇಲಿನ ಕೀವು ಒರೆಸಿ, ಸಲೈನಲ್ಲಿ ತೊಳೆದು, ಕೆರೆದು ತೆಗೆದ ಮೇಲೆ ಕೆಳಗಿನ ಮಾಂಸದ ಚೂರು ಕೊಡೋಕೆ ಹೇಳಿ, ಕಡ್ಡಿಗಿಂತ ಅದು ಎಷ್ಟೋ ಮೇಲು. ಚೀಟಿ ಮೇಲೆ ಯಾವ ಮಾತ್ರೆ ಎಷ್ಟು ದಿನದಿಂದ, ಯಾವ ಪಟ್ಟಿ ಹಾಕಿತ್ತು ಅಂತ ಬರೆಸಿ. ಮುಚ್ಚಳ ಬಿಗಿಯಾಗಿರೋ ಸ್ಟೆರೈಲ್ ಡಬ್ಬಿಯಲ್ಲಿ, ಎರಡು ಗಂಟೆಯೊಳಗೆ ಲ್ಯಾಬ್ ಕಿಟಕಿಗೆ ತಲುಪಿಸಿ, ಸಂಜೆ ಹೊತ್ತಾಗಿದ್ರೆ ಬಾಗಿಲ ಹತ್ರ ಇಟ್ಟು ಹೋಗಬೇಡಿ, ಒಳಗಿರೋರನ್ನ ಕೂಗಿ ಕೈಗೇ ಕೊಡಿ.